ನಕ್ಷೆಯಲ್ಲಿ ಇಲ್ಲದ ತೋಡು

ಕಳೆದ ಬೇಸಗೆಯಲ್ಲಿ ತಂಗಿಯ ಮಗ ಒಂದು ಹಳೇ ಭೂಪಟದ ಪ್ರಿಂಟ್ ತೆಗೆಸಿ ತಂದುಕೊಟ್ಟ. ಚಾವಡಿಯಲ್ಲಿ ಚಾಪೆ ಹಾಸಿ, ಅದನ್ನು ಬಿಡಿಸಿ, ನಾಲ್ಕು ಮೂಲೆಗೆ ನಾಲ್ಕು ತೆಂಗಿನಕಾಯಿ ಇಟ್ಟು ನೋಡಿದೆವು. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಒಂದೇ ಹಾಳೆಯಲ್ಲಿ. ಪಡುವಕ್ಕೆ ಸಮುದ್ರ, ಮೂಡಕ್ಕೆ ಘಟ್ಟ, ನಡುವೆ ಹಾವಿನಂತೆ ಹರಿದು ಬರುವ ನೀಲಿ ಹೊಳೆಗಳು.

ಇದು ನಮ್ಮ ಸರಕಾರ ಅಚ್ಚು ಹಾಕಿದ ಹಾಳೆ ಅಲ್ಲ. ಅಮೆರಿಕದ ಸೈನ್ಯದ ನಕ್ಷೆ ವಿಭಾಗ 1950ರ ದಶಕದಲ್ಲಿ ‘ಯು 502’ ಎಂಬ ಸರಣಿಯಲ್ಲಿ ಭಾರತದ ಭೂಪಟಗಳನ್ನು ತಯಾರಿಸಿತು. ಆಧಾರ ಮಾತ್ರ ನಮ್ಮ ಸರ್ವೆ ಆಫ್ ಇಂಡಿಯಾದ ಹಳೇ ನಕ್ಷೆಗಳೇ. ಅಳತೆ ಎರಡೂವರೆ ಲಕ್ಷಕ್ಕೆ ಒಂದು. ಅಂದರೆ ನಕ್ಷೆಯ ಒಂದು ಸೆಂಟಿಮೀಟರು ನೆಲದ ಮೇಲೆ ಎರಡೂವರೆ ಕಿಲೋಮೀಟರು. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಇವನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದೆ. ಮೊಬೈಲ್ ಬಳಸಲು ತಿಳಿದ ಯಾವ ಮಾಣಿಯೂ ಇಳಿಸಿಕೊಡಬಲ್ಲ.

ನೋಡುತ್ತಾ ಹೋದಾಗ ಮೊದಲು ಹೊಳೆದದ್ದು, ಇದರಲ್ಲಿ ರೈಲಿಲ್ಲ ಎಂಬುದು. ಆಗ ಮಂಗಳೂರಿಗೆ ತೆಂಕಿನಿಂದ ರೈಲು ಬಂದು ಎಷ್ಟೋ ವರ್ಷವಾಗಿತ್ತು. ಘಟ್ಟದ ಮೇಲೆ ಶಿವಮೊಗ್ಗ, ಸಾಗರ, ತಾಳಗುಪ್ಪದವರೆಗೆ ಹಳಿ ಇತ್ತು. ನಮ್ಮ ಈ ತುಂಡಿನಲ್ಲಿ ಮಾತ್ರ ಏನೂ ಇಲ್ಲ. ಕೊಂಕಣ ರೈಲು ನಿಗಮ ಹುಟ್ಟಿದ್ದು 1990ರಲ್ಲಿ. ಮಂಗಳೂರು–ಉಡುಪಿ ನಡುವೆ 1993ರಲ್ಲಿ ಗಾಡಿ ಓಡಿತು. ರೋಹಾದಿಂದ ಮಂಗಳೂರಿನವರೆಗಿನ ಇಡೀ ದಾರಿ 1998ರಲ್ಲಿ ತೆರೆಯಿತು.

ನಾನೊಂದು ಕೆಂಪು ಪೆನ್ಸಿಲು ಹುಡುಕಿ ತಂದೆ. ಉಡುಪಿ, ಬಾರ್ಕೂರು, ಮೂಡ್ಲಕಟ್ಟೆಯಲ್ಲಿರುವ ಕುಂದಾಪುರ ಸ್ಟೇಶನ್ನು, ಸೇನಾಪುರ, ಬಿಜೂರು, ಬೈಂದೂರಿನ ಮೂಕಾಂಬಿಕಾ ರೋಡ್, ಶಿರೂರು ಎಂದು ಚುಕ್ಕಿ ಇಟ್ಟು ಜೋಡಿಸಿದೆ. ಗೆರೆ ತೆಂಕಿನಿಂದ ಬಡಗಿಗೆ ಹೋಯಿತು. ಹೊಳೆಗಳೆಲ್ಲ ಮೂಡಿನಿಂದ ಪಡುವಿಗೆ. ಕೆಂಪು ಗೆರೆ ಒಂದೊಂದು ನೀಲಿ ಗೆರೆಯನ್ನೂ ಅಡ್ಡ ಹಾಯಲೇಬೇಕು. ಅದರ ಪಕ್ಕದಲ್ಲೇ ಈಗ ನಾಲ್ಕು ಪಥವಾಗಿರುವ ಹೆದ್ದಾರಿಯನ್ನೂ ಎಳೆದೆ. ಅದೂ ಹಾಗೆಯೇ.

ನಮ್ಮ ಮೂರು ತಾಲೂಕುಗಳ ಕೃಷಿಯ ಕಷ್ಟದ ಒಂದು ದೊಡ್ಡ ಪಾಲು ಈ ಚಿತ್ರದಲ್ಲೇ ಇದೆ. ನೀರು ಪಡುವಕ್ಕೆ ಹೋಗಬೇಕು, ಮನುಷ್ಯ ಬಡಗು–ತೆಂಕು ಹೋಗಬೇಕು. ಇಬ್ಬರೂ ಸಂಧಿಸುವ ಜಾಗಕ್ಕೆ ಸೇತುವೆ ಅಥವಾ ಮೋರಿ ಎಂದು ಹೆಸರು. ಆ ಮೋರಿ ಎಷ್ಟು ಅಗಲ, ಯಾವ ಜಾಗದಲ್ಲಿ ಎಂಬುದರ ಮೇಲೆ ಒಂದು ಬೈಲು ಬದುಕುತ್ತದೆ, ಇಲ್ಲಾ ಮುಳುಗುತ್ತದೆ.

ಹೊಳೆ ತಪ್ಪುವುದಿಲ್ಲ, ತೋಡು ತಪ್ಪುತ್ತದೆ

ದೊಡ್ಡ ಹೊಳೆಗಳ ವಿಷಯದಲ್ಲಿ ಯಾರೂ ತಪ್ಪುವುದಿಲ್ಲ. ಬ್ರಹ್ಮಾವರದ ಆಚೆ–ಈಚೆ ಸ್ವರ್ಣಾ, ಸೀತಾ. ಇವೆರಡೂ ಕೋಡಿ ಬೆಂಗ್ರೆಯ ಹತ್ತಿರ ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಕುಂದಾಪುರ–ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಕಿ ಸೇರಿ ಪಂಚಗಂಗಾವಳಿ. ಸೌಪರ್ಣಿಕೆ ಮರವಂತೆಯಲ್ಲಿ ಸಮುದ್ರದ ಪಕ್ಕಕ್ಕೇ ಬಂದು, ಅಲ್ಲಿ ಒಳಗೆ ಹೋಗದೆ ತೆಂಕಿಗೆ ತಿರುಗಿ ಗಂಗೊಳ್ಳಿಯತ್ತ ಹೋಗುವ ಚಂದ ಈ ಸಣ್ಣ ಅಳತೆಯ ನಕ್ಷೆಯಲ್ಲೂ ಕಾಣುತ್ತದೆ. ಇಂಥ ಹೊಳೆಗೆ ಉದ್ದದ ಸೇತುವೆ ಕಟ್ಟಿಯೇ ಕಟ್ಟುತ್ತಾರೆ. ಹೊನ್ನಾವರದಲ್ಲಿ ಶರಾವತಿಗೆ ರೈಲಿನವರು ಕಟ್ಟಿದ ಸೇತುವೆ ಎರಡು ಕಿಲೋಮೀಟರಿಗಿಂತ ಉದ್ದ.

ತೊಂದರೆ ಇರುವುದು ತೋಡಿನದ್ದು. ನಾಲ್ಕಡಿ, ಎಂಟಡಿ ಅಗಲದ ತೋಡು. ಬೇಸಗೆಯಲ್ಲಿ ದನ ಮೇಯುವ, ಮಳೆಗಾಲದಲ್ಲಿ ಎಮ್ಮೆಯನ್ನೂ ಎಳೆದುಕೊಂಡು ಹೋಗುವ ತೋಡು.

ಆ ದಿನ ನಕ್ಷೆ ನೋಡಲು ನೆರೆಮನೆಯ ಅಜ್ಜಯ್ಯನೂ ಬಂದಿದ್ದರು. ಕನ್ನಡಕ ಏರಿಸಿ, ಬೆರಳಿಟ್ಟು ಹುಡುಕಿ, “ಹ್ವಾಯ್, ಇದ್ರಗೆ ನಮ್ ತೋಡ್ ಎಲ್ಲಿತ್ತ್?” ಅಂದರು. ಇರಲಿಲ್ಲ. ಇದು ಸಣ್ಣ ಅಳತೆಯದ್ದು, ಇದರಲ್ಲಿ ಒಂದು ಮಿಲಿಮೀಟರು ಚೌಕ ಅಂದರೆ ಸುಮಾರು ಹದಿನೈದು ಎಕ್ರೆ, ತೋಡು ಕಾಣುವುದು ಹೇಗೆ ಎಂದೆ. “ಹಂಗಾರೆ ದೊಡ್ಡದ್ ತೆಗಿ” ಅಂದರು.

ದೊಡ್ಡದು ಇದೆ. ಸರ್ವೆ ಆಫ್ ಇಂಡಿಯಾದ ಒಂದು ಇಂಚಿಗೆ ಒಂದು ಮೈಲಿಯ ಹಾಳೆಗಳು. ನಮ್ಮ ಕಡೆಯವು 48ಕೆ ಎಂಬ ಗುಂಪಿನವು. ಬೈಂದೂರು 48ಕೆ/9ರಲ್ಲಿ, ಕುಂದಾಪುರ 48ಕೆ/10ರಲ್ಲಿ. ಬ್ರಹ್ಮಾವರ 11 ಮತ್ತು 15ನೇ ಹಾಳೆಗಳ ಅಂಚಿನಲ್ಲಿ ಬರುತ್ತದೆ. ಹಾಗಾಗಿ ಆ ಊರಿನವರಿಗೆ ಎರಡೂ ಬೇಕು. ಕೊಲ್ಲೂರು 13ರಲ್ಲಿ. ಇವುಗಳಲ್ಲಿ ಒಂದು ಚದರ ಇಂಚಿಗೆ 640 ಎಕ್ರೆ. ಲೆಕ್ಕ ಹಾಕಿದರೆ ಒಂದು ಎಕ್ರೆ ಗದ್ದೆ ಸರಿಯಾಗಿ ಒಂದು ಮಿಲಿಮೀಟರು ಚೌಕ ಆಗುತ್ತದೆ. ಒಂದು ಎಳ್ಳುಕಾಳಿನಷ್ಟೂ ಇಲ್ಲ. ಮುಂದೆ ಮೆಟ್ರಿಕ್ ಅಳತೆ ಬಂದ ಮೇಲೆ ಐವತ್ತು ಸಾವಿರಕ್ಕೆ ಒಂದರ ಹಾಳೆಗಳು ಬಂದವು. ಸ್ವಲ್ಪ ದೊಡ್ಡದಾಯಿತು, ಅಷ್ಟೆ.

ಬೇಸಗೆಯಲ್ಲಿ ಬರೆದ ನಕ್ಷೆ

ಈ ಹಾಳೆಗಳನ್ನು ಮಾಡಿದವರ ಶ್ರಮವನ್ನು ಹಗುರ ಮಾಡುವುದು ಬೇಡ. ಗುಡ್ಡದ ತುದಿಗೆ ಮೂರು ಕಾಲಿನ ಹಲಗೆ ಹೊತ್ತುಕೊಂಡು ಹೋಗಿ, ಒಂದೊಂದು ಹಾಡಿ, ಒಂದೊಂದು ದೇವಸ್ಥಾನ ನೋಡಿ ಕೈಯಲ್ಲಿ ಬರೆದದ್ದು. ಆದರೆ ಎರಡು ಮಾತು ನಾವು ಗಮನಿಸಬೇಕು.

ಒಂದು, ಸರ್ವೆ ತಂಡಗಳು ಹೊರಗೆ ಕೆಲಸ ಮಾಡುತ್ತಿದ್ದದ್ದು ಮಳೆ ನಿಂತ ಮೇಲೆ. ಮಳೆಗಾಲದಲ್ಲಿ ಅವರು ಕಚೇರಿಯಲ್ಲಿ ಕೂತು ನಕ್ಷೆ ತಿದ್ದುವ ಕಾಲ. ಈ ನಕ್ಷೆಗಳಲ್ಲಿ ನೀರಿರುವ ಹೊಳೆಗೆ ನೀಲಿ, ಒಣಗುವ ತೋಡಿಗೆ ಕಪ್ಪು ಗೆರೆ. ನಮ್ಮ ತೋಡುಗಳು ಮಾರ್ಚಿಗೆ ಒಣಗುತ್ತವೆ. ಹಾಗಾಗಿ ಜೂನ್–ಜುಲೈಯಲ್ಲಿ ನಮ್ಮನ್ನು ಮುಳುಗಿಸುವ ತೋಡು ನಕ್ಷೆಯಲ್ಲಿ ಒಂದು ಕೂದಲೆಳೆಯ ಕಪ್ಪು ಗೆರೆ, ಅಥವಾ ಅದೂ ಇಲ್ಲ. ಇದನ್ನು ಹೇಳಿದಾಗ ಅಜ್ಜಯ್ಯ ನಕ್ಕು, “ಮಳಿಗಾಲ್ದಗೆ ಬಂದ್ ಕಾಂಬುಕೆ ಹೇಳ್ ಅವ್ರಿಗೆ” ಅಂದರು.

ಎರಡು, ಎತ್ತರದ ಗೆರೆಗಳು. ಹಳೇ ಇಂಚಿನ ಹಾಳೆಗಳಲ್ಲಿ ಇವು ಸಾಮಾನ್ಯವಾಗಿ ಐವತ್ತು ಅಡಿಗೊಂದು; ಮೆಟ್ರಿಕ್ ಹಾಳೆಗಳಲ್ಲಿ ಇಪ್ಪತ್ತು ಮೀಟರಿಗೊಂದು. ಕರಾವಳಿಯ ನಮ್ಮ ಬೈಲುಗಳಲ್ಲಿ ಎಷ್ಟೋ ಮೊದಲನೇ ಗೆರೆಯ ಕೆಳಗೇ ಮುಗಿಯುತ್ತವೆ. ನಕ್ಷೆಗೆ ಸಮುದ್ರದ ದಡದಿಂದ ಐವತ್ತು ಅಡಿ ಎತ್ತರದವರೆಗೆ ಎಲ್ಲಾ ಒಂದೇ. ನಮ್ಮ ಹಿರಿಯರು ಇದೇ ಐವತ್ತು ಅಡಿಯೊಳಗೆ ಬೈಲು, ಮಜಲು, ಬೆಟ್ಟು ಎಂದು ಮೂರು ಮಾಡಿದರು. ಬೈಲಿನಲ್ಲಿ ಕಾರ್ತಿ, ಸುಗ್ಗಿ ಎರಡು ಬೆಳೆ, ನೀರಿದ್ದಲ್ಲಿ ಕೊಳಕೆ ಮೂರನೆಯದು. ಬೆಟ್ಟಿನಲ್ಲಿ ಒಂದೇ. ಒಂದಡಿ, ಎರಡಡಿ ಏರುತಗ್ಗಿನ ಲೆಕ್ಕ ಅದು. ಮುಳುಗುವುದು, ಉಳಿಯುವುದು ನಡೆಯುವುದೂ ಆ ಒಂದೆರಡು ಅಡಿಯಲ್ಲೇ.

ಇದೆಲ್ಲ ಹಳೇ ಕಾಗದದ ಕೊರತೆ, ನಮಗೇನು ಎಂದು ಕೇಳಬಹುದು. ನಮಗೆ ಇದೆ. ಸೇತುವೆ, ಮೋರಿಯ ಲೆಕ್ಕ ಹಾಕುವಾಗ ಇಂಜಿನಿಯರುಗಳು ಅಲ್ಲಿಗೆ ಎಷ್ಟು ಜಾಗದ ನೀರು ಹರಿದು ಬರುತ್ತದೆ ಎಂಬುದನ್ನು ಟೋಪೋಶೀಟಿನಲ್ಲಿ ಅಳೆಯುವುದು ಬಹುಕಾಲದ ರೂಢಿ. ಆ ಜಾಗಕ್ಕೆ ಮಳೆಯ ಪ್ರಮಾಣ ಸೇರಿಸಿ ಮೋರಿಯ ಬಾಯಿ ಎಷ್ಟು ಎಂದು ತೀರ್ಮಾನಿಸುತ್ತಾರೆ. ಸ್ಥಳ ನೋಡುವುದೂ ಉಂಟು, ಆದರೆ ಅದೂ ಹೆಚ್ಚಾಗಿ ಬೇಸಗೆಯಲ್ಲಿ. ನಕ್ಷೆಯಲ್ಲಿ ಗೆರೆ ಇದ್ದಲ್ಲಿ ಮೋರಿ ಬರುತ್ತದೆ. ಗೆರೆ ಇಲ್ಲದಲ್ಲಿ ಮಣ್ಣು ಬರುತ್ತದೆ.

ಮಳೆಯ ಲೆಕ್ಕ ಸರಳ. ಒಂದು ಎಕ್ರೆಯ ಮೇಲೆ 100 ಮಿಲಿಮೀಟರು ಮಳೆ ಬಿದ್ದರೆ ನಾಲ್ಕು ಲಕ್ಷ ಲೀಟರು ನೀರು. ನಮ್ಮಲ್ಲಿ ಜುಲೈಯಲ್ಲಿ ಒಂದು ದಿನಕ್ಕೆ ಅಷ್ಟು ಮಳೆ ಬಂದರೆ ಯಾರೂ ಅದನ್ನು ಸುದ್ದಿ ಎನ್ನುವುದಿಲ್ಲ. ನೂರು ಎಕ್ರೆ ಗುಡ್ಡ–ಬೈಲು ಸೇರಿ ಒಂದೇ ತೋಡಿಗೆ ಇಳಿಯುವುದಾದರೆ ನಾಲ್ಕು ಕೋಟಿ ಲೀಟರು. ಸ್ವಲ್ಪ ಪಾಲು ಇಂಗಿದರೂ ಉಳಿದದ್ದು ಪಡುವಕ್ಕೆ ಹೋಗಲೇಬೇಕು. ಸಮುದ್ರದಲ್ಲಿ ಭರತವಿದ್ದರೆ ಅದೂ ನಿಧಾನ. ಸೌಪರ್ಣಿಕೆಯ ಬದಿಯ ನಾಡ, ಪಡುಕೋಣೆ, ಬಡಾಕೆರೆ, ನಾವುಂದದ ಸಾಲ್ಬುಡದವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. 2020ರ ಸೆಪ್ಟೆಂಬರ್ 20ರಂದು ಸ್ವರ್ಣಾ, ಸೀತಾ ಉಕ್ಕಿದಾಗ ಉಡುಪಿ, ಬ್ರಹ್ಮಾವರದ ಕಡೆಯವರೂ ಕಂಡಿದ್ದಾರೆ.

ನಮ್ಮ ಬೈಲಿನ ಕತೆ

ಬೇರೆಯವರ ತಪ್ಪು ಹೇಳುವ ಮೊದಲು ನಮ್ಮದನ್ನು ಹೇಳುತ್ತೇನೆ. ನಮ್ಮ ಬೈಲಿಗೆ ಅಡ್ಡಲಾಗಿ ಮೊದಲು ಕಾಲುದಾರಿ ಇತ್ತು. ತೋಡಿಗೆ ಎರಡು ತೆಂಗಿನ ಮರದ ಸಂಕ. ವಾಹನ ಬರಬೇಕು, ಬಾಣಂತಿಯನ್ನು ಹೊತ್ತುಕೊಂಡು ಹೋಗುವ ಕಾಲ ಮುಗಿಯಬೇಕು ಎಂದು ರಸ್ತೆಗೆ ಅರ್ಜಿ ಬರೆದೆವು. ಅರ್ಜಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಬೇಸಗೆಯಲ್ಲಿ ಕೆಲಸ ಆಯಿತು. ಮಣ್ಣು ಹಾಕಿ ಮೂರೂವರೆ ಅಡಿ ಎತ್ತರ ಮಾಡಿದರು. ತೋಡಿಗೆ ಎರಡು ಅಡಿಯ ಎರಡು ಸಿಮೆಂಟ್ ಪೈಪು. ನಾವೆಲ್ಲ ನಿಂತು ನೋಡಿದೆವು, ಕಾಯಿ ಒಡೆದೆವು, ಪಾನಕ ಕುಡಿದೆವು. ಪೈಪು ಸಾಕಾ ಎಂದು ಒಬ್ಬರೂ ಕೇಳಲಿಲ್ಲ.

ಆಮೇಲೆ ಲೆಕ್ಕ ಮಾಡಿದೆ. ತುಂಬಿ ಹರಿಯುವಾಗ ತೋಡು ಎಂಟಡಿ ಅಗಲ, ಮೂರಡಿ ಆಳ. ಅಂದರೆ 24 ಚದರ ಅಡಿ ಬಾಯಿ. ಎರಡು ಅಡಿ ವ್ಯಾಸದ ಎರಡು ಪೈಪಿನ ಬಾಯಿ ಸೇರಿಸಿದರೆ ಆರೂಕಾಲು ಚದರ ಅಡಿ. ಕಾಲಂಶ! ಅದರಲ್ಲೂ ಒಂದಕ್ಕೆ ತೆಂಗಿನ ಗರಿ, ಪ್ಲಾಸ್ಟಿಕ್ಕು ಸಿಕ್ಕಿಕೊಂಡರೆ ಮುಗಿಯಿತು. ಮೊದಲ ಮಳೆಗಾಲದಲ್ಲೇ ರಸ್ತೆಯ ಮೂಡುಬದಿ ಕೆರೆಯಾಯಿತು. ನಟ್ಟಿ ಮಾಡಿದ ಅಗೆ ಆರು ದಿನ ನೀರಿನಡಿ ಕೂತು ಕೊಳೆಯಿತು. ಎರಡನೇ ಸಲ ನಟ್ಟಿ ಮಾಡಲು ಅಗೆ ಎಲ್ಲಿ, ಜನ ಎಲ್ಲಿ? ಮೂರು ವರ್ಷದಲ್ಲಿ ನಾಲ್ಕು ಮನೆಯವರು ಗದ್ದೆ ಹಡಿಲು ಬಿಟ್ಟರು. ಇಬ್ಬರು ಮಣ್ಣು ತುಂಬಿಸಿ ಅಡಿಕೆ ಇಟ್ಟರು. ಅವರು ತುಂಬಿಸಿದ ಮಣ್ಣಿನಿಂದ ಉಳಿದವರಿಗೆ ನೀರು ಇನ್ನೂ ಅರ್ಧ ಅಡಿ ಏರಿತು.

ಕಚೇರಿಗೆ ಹೋದರೆ ಕೇಳಿದ ಮೊದಲ ಪ್ರಶ್ನೆ: “ಅಲ್ಲಿ ತೋಡು ಇತ್ತೆಂಬುದಕ್ಕೆ ದಾಖಲೆ ಏನು?” ಅಜ್ಜಯ್ಯನ ಬಾಯಿಮಾತು ದಾಖಲೆ ಅಲ್ಲ. ಕೊನೆಗೆ ಹಳೇ ಗ್ರಾಮನಕ್ಷೆ ಮತ್ತು ಮದ್ರಾಸು ಕಾಲದ ಕ್ರಮದಲ್ಲಿ ಬಂದ ಎಫ್‌ಎಂಬಿಯ ನಕಲು ತೆಗೆಸಿದೆವು. ಅದರಲ್ಲಿ ತೋಡು ಇತ್ತು, ಅಗಲದ ಸಮೇತ. ಈಗ ಪೈಪಿನ ಬದಲು ಹತ್ತು ಅಡಿಯ ಮೋರಿಗೆ ಬೇಡಿಕೆ ಫೈಲಿನಲ್ಲಿದೆ. ಕಾಗದ ಇದ್ದದ್ದರಿಂದ ಫೈಲಾದರೂ ಹುಟ್ಟಿತು.

ಮೊಬೈಲಿನಲ್ಲೇ ಇದೆಯಲ್ಲ?

ಈಗ ಉಪಗ್ರಹ, ಡ್ರೋನ್ ಎಲ್ಲಾ ಬಂದಿದೆ, ಹಳೇ ನಕ್ಷೆ ಯಾಕೆ ಎನ್ನುವವರಿದ್ದಾರೆ. ಬಂದದ್ದು ಒಳ್ಳೆಯದೇ. ಕರಾವಳಿಯ ದೊಡ್ಡ ಅಳತೆಯ ಹಾಳೆಗಳು ಬಹುಕಾಲ ಸಾಮಾನ್ಯರಿಗೆ ಸಿಗುತ್ತಿರಲಿಲ್ಲ. 2005ರ ರಾಷ್ಟ್ರೀಯ ನಕ್ಷೆ ನೀತಿಯಿಂದ ಸಾರ್ವಜನಿಕರಿಗೆಂದೇ ಒಂದು ಸರಣಿ ಆಯಿತು. 2021ರ ಮಾರ್ಗಸೂಚಿಗಳಿಂದ ಇನ್ನಷ್ಟು ಸಡಿಲವಾಯಿತು. ದಿಶಾಂಕ್ ಆ್ಯಪಿನಲ್ಲಿ ಗದ್ದೆಯ ಮೇಲೆ ನಿಂತರೆ ಸರ್ವೆ ನಂಬರು ಬರುತ್ತದೆ. ಆದರೆ ಗಡಿ ಯಾರದ್ದು ಎಂಬುದು ಗೊತ್ತಾಗುತ್ತದೆಯೇ ಹೊರತು ನೀರು ಯಾವ ಕಡೆ ಹೋಗುತ್ತದೆ ಎಂಬುದು ಬರುವುದಿಲ್ಲ. ಮೇಲಿನಿಂದ ತೆಗೆದ ಚಿತ್ರಕ್ಕೆ ತೆಂಗು, ಅಡಿಕೆಯ ನೆತ್ತಿ ಕಾಣುತ್ತದೆ. ಅಡಿಯ ತೋಡು ಕಾಣುವುದಿಲ್ಲ. ಜೂನ್–ಜುಲೈಯಲ್ಲಿ ಮೋಡವೇ ಕಾಣುತ್ತದೆ. ಎಪ್ಪತ್ತು ವರ್ಷದ ಹಿಂದೆ ಹಲಗೆ ಹೊತ್ತವನಿಗೆ ಕಾಣದ್ದು ಇವತ್ತಿಗೂ ಸರಿಯಾಗಿ ಕಾಣುವುದಿಲ್ಲ. ಕಂಡವರು ನಾವು ಮಾತ್ರ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. “ನೆರೆ ಬರುವ ಜಾಗ ಎಂದು ನಕ್ಷೆಯಲ್ಲಿ ಬರೆದರೆ ನಾಳೆ ಜಾಗಕ್ಕೆ ರೇಟು ಬರುತ್ತದಾ? ಕನ್ವರ್ಷನ್ ಆಗುತ್ತದಾ?” ಎಂದು ನಮ್ಮಲ್ಲೇ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಮಕ್ಕಳು ಬೆಂಗಳೂರಿನಲ್ಲಿದ್ದು, ಗದ್ದೆ ಮಾರಿಯೇ ಮುಪ್ಪು ಕಳೆಯಬೇಕಾದವರು ಇದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ನನ್ನ ಉತ್ತರ ಇಷ್ಟೆ: ಬರೆಯದಿದ್ದರೂ ನೀರು ಬರುತ್ತದೆ. ಮಾರಿದವನು ಹೋಗುತ್ತಾನೆ, ಕೊಂಡವನು ಮಣ್ಣು ತುಂಬಿಸುತ್ತಾನೆ, ಮಾರದೆ ಉಳಿದ ಹತ್ತು ಮನೆ ಮುಳುಗುತ್ತದೆ. ಮುಚ್ಚಿಟ್ಟ ತೋಡಿನ ಸಾಲ ತೀರಿಸುವವರು ಯಾವಾಗಲೂ ಉಳಿದವರೇ.

ರೈಲು ಬೇಡ, ರಸ್ತೆ ಬೇಡ ಎಂದು ನಾನು ಹೇಳುತ್ತಿಲ್ಲ. ಬೊಂಬಾಯಿಯ ಹೋಟೆಲುಗಳಲ್ಲಿ ದುಡಿದು ಮನೆ ಎತ್ತಿ ನಿಲ್ಲಿಸಿದವರ ಊರು ಇದು. ರೈಲು ಬಂದಾಗ ನಾವೆಲ್ಲ ಹೋಗಿ ಕೈಬೀಸಿದವರೇ. 2022ರಲ್ಲಿ ಇಡೀ ಮಾರ್ಗಕ್ಕೆ ವಿದ್ಯುತ್ ಬಂತು. ಜೋಡಿ ಹಳಿಯ ಮಾತು ಆಗಾಗ ಕೇಳಿಬರುತ್ತದೆ. ಹೆದ್ದಾರಿಗೆ ಸರ್ವಿಸ್ ರಸ್ತೆ, ಊರೂರಿಗೆ ಕಾಂಕ್ರೀಟು ರಸ್ತೆ, ಹೊಳೆಗೆ ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟು, ಒಂದಲ್ಲ ಒಂದು ಬರುತ್ತಲೇ ಇರುತ್ತದೆ. ಬರಲಿ. ಮುಂದಿನ ಮಣ್ಣಿನ ಲೋಡು ಬರುವ ಮೊದಲು ನಮ್ಮ ಕೈಯಲ್ಲಿ ನಮ್ಮ ಬೈಲಿನ ನೀರಿನ ನಕ್ಷೆ ಇರಬೇಕು ಎಂಬುದು ನನ್ನ ವಾದ.

ಮಾಡುವುದು ಹೇಗೆ

ಇದು ಹೊಸತೇನಲ್ಲ. ನೆರೆಯ ಕೇರಳದಲ್ಲಿ 1990ರ ದಶಕದ ಆರಂಭದಲ್ಲೇ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ವಿಜ್ಞಾನಿಗಳ ಜತೆ ಸೇರಿ, ಕಣ್ಣೂರು ಜಿಲ್ಲೆಯ ಕಲ್ಯಾಶ್ಶೇರಿಯಂಥ ಪಂಚಾಯತುಗಳಲ್ಲಿ ಊರವರಿಂದಲೇ ನೆಲ–ಜಲದ ನಕ್ಷೆ ಮಾಡಿಸಿದ್ದರು. ನಮಗೆ ಅಷ್ಟು ದೊಡ್ಡದು ಬೇಡ. ಒಂದು ಬೈಲಿಗೆ ಒಂದು ಹಾಳೆ ಸಾಕು.

ಮೊದಲು ಗ್ರಾಮನಕ್ಷೆಯನ್ನು ಭೂದಾಖಲೆ ಇಲಾಖೆಯ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ, ಅಥವಾ ಕಚೇರಿಯಿಂದ ನಕಲು ಪಡೆಯಿರಿ. ನಿಮ್ಮ ಬೈಲಿನ ಭಾಗವನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ. ತೋಡಿಗೆ ತಾಗಿದ ಸರ್ವೆ ನಂಬರುಗಳ ಎಫ್‌ಎಂಬಿ ನಕಲನ್ನೂ ತೆಗೆಸಿ. ಹಳೇ ಟೋಪೋಶೀಟು ಸಿಕ್ಕಿದರೆ ಪಕ್ಕದಲ್ಲಿಡಿ. ನಿಮ್ಮ ತೋಡು ಯಾವ ಹೊಳೆಗೆ ಸೇರುತ್ತದೆ, ನಡುವೆ ಹಳಿ–ಹೆದ್ದಾರಿ ಎಲ್ಲಿ ಅಡ್ಡ ಬರುತ್ತದೆ ಎಂದು ನೋಡಲು ಅದು ಬೇಕು.

ಆಮೇಲೆ ಮಳೆಗಾಲಕ್ಕೆ ಕಾಯಿರಿ. ಜೋರು ಮಳೆಯ ದಿನ ನಾಲ್ಕು ಜನ ಸೇರಿ ಕೊಡೆ ಹಿಡಿದು ಬೈಲಿನ ತಲೆಯಿಂದ ಬುಡದವರೆಗೆ ನಡೆಯಿರಿ. ಪ್ರತಿ ತೋಡಿಗೆ ನೀಲಿ ಗೆರೆ, ಹರಿಯುವ ದಿಕ್ಕಿಗೆ ಬಾಣ. ಪ್ರತಿ ಮೋರಿ, ಪೈಪಿನ ಬಾಯಿ ಎಷ್ಟು ಅಡಿ ಎಂದು ಟೇಪಿನಲ್ಲಿ ಅಳೆದು ಬರೆಯಿರಿ. ನೆರೆ ಬಂದ ಮಟ್ಟಕ್ಕೆ ಗೋಡೆಗೋ, ತೆಂಗಿನ ಮರಕ್ಕೋ ಬಣ್ಣದ ಗೆರೆ ಹಾಕಿ, ಇಸವಿ ತಾರೀಕು ಬರೆಯಿರಿ. ಹತ್ತು ವರ್ಷ ಹೀಗೆ ಬರೆದ ಒಂದು ತೆಂಗಿನ ಮರ ಐವತ್ತು ಅಡಿಗೊಂದು ಗೆರೆ ಎಳೆದ ನಕ್ಷೆಗಿಂತ ನಮಗೆ ಹೆಚ್ಚು ಹೇಳುತ್ತದೆ. ಮಾರ್ಚ್–ಏಪ್ರಿಲಿನಲ್ಲಿ ಇನ್ನೊಂದು ಸುತ್ತು ಹೋಗಿ ಉಪ್ಪುನೀರು ಎಲ್ಲಿವರೆಗೆ ಏರುತ್ತದೆ, ಯಾವ ಬಾವಿ ಉಪ್ಪಾಗುತ್ತದೆ ಎಂಬುದನ್ನು ಕೆಂಪಿನಲ್ಲಿ ಗುರುತಿಸಿ. ಮುಚ್ಚಿಹೋದ ತೋಡು, ಮದಗಗಳನ್ನು ಹಿರಿಯರನ್ನು ಕೇಳಿ ಚುಕ್ಕಿಗೆರೆಯಲ್ಲಿ ಹಾಕಿ.

ಕೊನೆಗೆ ಅದನ್ನು ಮನೆಯ ಅಟ್ಟದಲ್ಲಿ ಇಡಬೇಡಿ. ಗ್ರಾಮಸಭೆಯಲ್ಲಿ ಮಂಡಿಸಿ, ನಡಾವಳಿಯಲ್ಲಿ ಬರೆಸಿ, ಸ್ವೀಕೃತಿ ಪಡೆಯಿರಿ. ಊರಿಗೆ ಹೊಸ ಕಾಮಗಾರಿ ಬಂದಾಗ ಅದರ ಡ್ರಾಯಿಂಗನ್ನು ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ನಿಮ್ಮ ನೀಲಿ ಗೆರೆ ಇದ್ದಲ್ಲೆಲ್ಲ ಅವರ ಡ್ರಾಯಿಂಗಿನಲ್ಲಿ ಬಾಯಿ ಇದೆಯೇ ಎಂದು ಹೋಲಿಸಿ. ಕೆಲಸ ಮುಗಿದ ಮೇಲೆ ಕೂಗುವುದಕ್ಕಿಂತ ಮಣ್ಣು ಬೀಳುವ ಮೊದಲು ಕೇಳಿದ ಒಂದು ಪ್ರಶ್ನೆ ಲೇಸು.

ಒಂದು ಎಚ್ಚರಿಕೆ. ಈ ನಕ್ಷೆ ಗಡಿ ತಕರಾರಿಗಲ್ಲ. ಕುಮ್ಕಿ, ವರ್ಗದ ಜಗಳವನ್ನು ಇದರೊಳಗೆ ತಂದರೆ ಮೊದಲ ದಿನವೇ ಹರಿದುಹೋಗುತ್ತದೆ. ನೀರು ಮಾತ್ರ ಬರೆಯುವುದೆಂದು ಮೊದಲೇ ಮಾತಾಡಿಕೊಳ್ಳಿ.

ನಮ್ಮ ಬೈಲಿನ ಹಾಳೆ ಈ ಮಳೆಗಾಲದಲ್ಲಿ ಅರ್ಧ ಆಗಿದೆ. ಅಜ್ಜಯ್ಯ ಹೇಳಿದ ಮುಚ್ಚಿದ ತೋಡು ಎರಡು ಸಿಕ್ಕಿದವು. ಅದರಲ್ಲಿ ಒಂದು ನಮ್ಮದೇ ಅಡಿಕೆ ತೋಟದ ಅಡಿಯಲ್ಲಿದೆ. ಮುಚ್ಚಿದವರು ನಮ್ಮ ತಂದೆಯವರು. ಅದನ್ನೂ ಚುಕ್ಕಿಗೆರೆಯಲ್ಲಿ ಹಾಕಿದ್ದೇನೆ. ಈ ಬೇಸಗೆಯಲ್ಲಿ ಎರಡು ಸಾಲು ಅಡಿಕೆ ತೆಗೆದು ಅದನ್ನು ಬಿಡಿಸಬೇಕು. ನಾನು ಬಿಡಿಸದೆ ಬೇರೆಯವರ ಹತ್ತಿರ ಹತ್ತು ಅಡಿಯ ಮೋರಿ ಕೇಳುವುದು ಸರಿಯಾಗುವುದಿಲ್ಲ.